ಅಂತರರಾಷ್ಟ್ರೀಯ ಸಂಬಂಧಗಳ ಎಂ.ಎ.ಗೆ ಬ್ರಿಟನ್ನಿಗೆ ಬರುವವರಿಗೆ ಒಂದು ಉತ್ತರ

ಬರುವ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನಲ್ಲಿ ಅಂತರರಾಷ್ಟ್ರೀಯ ಸಂಬಂಧಗಳ ಎಂ.ಎ.ಗೆ ಸೇರಲಿರುವ ನೀವು ಮೂರು ವಿಷಯ ಕೇಳಿದ್ದೀರಿ: ಪದವಿಯಲ್ಲಿ ರಾಜ್ಯಶಾಸ್ತ್ರ ಓದದವರಿಗೆ ಸಿದ್ಧಾಂತದ ಪತ್ರಿಕೆ ದಕ್ಕುತ್ತದೆಯೇ, ಹೊರಡುವ ಮುನ್ನ ಏನನ್ನು ಓದಿಕೊಳ್ಳಬೇಕು, ಇಲ್ಲಿನ ಬದುಕು ಹೇಗಿರುತ್ತದೆ. ಇದೇ ಓದಿಗಾಗಿ ಬಂದು ಇಲ್ಲಿಯೇ ನೆಲೆಸಿ, ಈಗ ಇದೇ ಪತ್ರಿಕೆಯ ಸೆಮಿನಾರುಗಳನ್ನು ನಡೆಸುತ್ತಿರುವವಳಾಗಿ ಉತ್ತರಿಸುತ್ತಿದ್ದೇನೆ. ಮೂರನೆಯ ಪ್ರಶ್ನೆಯನ್ನು ಮೊದಲೆರಡರಿಂದ ಬೇರ್ಪಡಿಸಲು ನನಗೆ ಸಾಧ್ಯವಾಗಿಲ್ಲ. ಒಂದೇ ವರ್ಷದಲ್ಲಿ ಮುಗಿಯುವ ಕೋರ್ಸಿನಲ್ಲಿ ಬದುಕು ಹೇಗಿರುತ್ತದೆ ಎಂಬುದನ್ನು ಬಹುಮಟ್ಟಿಗೆ ಓದೇ ತೀರ್ಮಾನಿಸುತ್ತದೆ.

ಇಲ್ಲಿನ ಎಂ.ಎ. ಸಾಮಾನ್ಯವಾಗಿ ಹನ್ನೆರಡು ತಿಂಗಳಿನದು, ಒಟ್ಟು 180 ಕ್ರೆಡಿಟ್‌ಗಳದು. ಅವುಗಳಲ್ಲಿ ಹೆಚ್ಚಿನ ಕಡೆ 60 ಕ್ರೆಡಿಟ್ ಬೇಸಿಗೆಯಲ್ಲಿ ಬರೆಯುವ ದೀರ್ಘ ಪ್ರಬಂಧಕ್ಕೆ (ಡಿಸರ್ಟೇಶನ್) ಮೀಸಲು. ಸಿದ್ಧಾಂತದ ಪತ್ರಿಕೆ ಮೊದಲ ಅವಧಿಯಲ್ಲೇ ಬಂದುಬಿಡುತ್ತದೆ. ತರಗತಿಯ ಗಂಟೆಗಳು ಕಡಿಮೆ ಇರುವುದನ್ನು ಕಂಡು ಬಿಡುವು ಬಹಳವಿದೆ ಎಂದುಕೊಳ್ಳುವ ಹೊಸಬರು, ಪ್ರತಿ ಸೆಮಿನಾರಿನ ಹಿಂದೆ ಮೂರು ನಾಲ್ಕು ದೀರ್ಘ ಲೇಖನಗಳ ಓದು ಇದೆಯೆಂಬುದನ್ನು ಅರಿಯುವ ಹೊತ್ತಿಗೆ ಅವಧಿಯ ಅರ್ಧ ಕಳೆದಿರುತ್ತದೆ. ವಿದ್ಯಾರ್ಥಿ ವೀಸಾದಲ್ಲಿ ತರಗತಿಗಳು ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆ ದುಡಿಯಬಹುದೆಂಬುದು ನಿಜ. ಆದರೆ ಆ ಇಪ್ಪತ್ತನ್ನೂ ಪೂರ್ತಿ ಬಳಸಿಕೊಂಡು ಈ ಪತ್ರಿಕೆಯನ್ನು ಚೆನ್ನಾಗಿ ಓದಿದವರನ್ನು ನಾನು ಹೆಚ್ಚು ಕಂಡಿಲ್ಲ. ಅಂಕಗಳ ವಿಷಯದಲ್ಲಿ ಗಾಬರಿಯಾಗಬೇಡಿ. ಎಂ.ಎ.ಯಲ್ಲಿ 50 ತೇರ್ಗಡೆ, 60 ಉತ್ತಮ, 70 ಅತ್ಯುತ್ತಮ. 64 ಬಂದರೆ ಮನೆಯವರಿಗೆ ವಿವರಿಸುವುದು ಕಷ್ಟವಾದೀತು, ನೀವು ಕುಗ್ಗಬೇಕಾಗಿಲ್ಲ.

ಇನ್ನು ಸಿದ್ಧಾಂತಕ್ಕೆ ಬರೋಣ. ಮೂರು ವಾದಗಳ ಹೆಸರು ಮತ್ತೆ ಮತ್ತೆ ಬರುತ್ತದೆ: ರಾಷ್ಟ್ರಗಳ ನಡುವೆ ಬಲವೇ ಮುಖ್ಯವೆನ್ನುವ ವಾಸ್ತವವಾದ, ಸಂಸ್ಥೆಗಳಿಂದ ಸಹಕಾರ ಸಾಧ್ಯವೆನ್ನುವ ಉದಾರವಾದ, ರಾಷ್ಟ್ರಗಳ ಪರಸ್ಪರ ಭಾವನೆಗಳೇ ಅವುಗಳ ನಡೆಯನ್ನು ರೂಪಿಸುತ್ತವೆ ಎನ್ನುವ ರಚನಾವಾದ. ವಾಸ್ತವವಾದ ಹೀಗೆನ್ನುತ್ತದೆ, ಉದಾರವಾದ ಹಾಗೆನ್ನುತ್ತದೆ, ರಚನಾವಾದ ಮತ್ತೊಂದನ್ನು ಹೇಳುತ್ತದೆ, ಕೊನೆಗೆ ಮೂರರಲ್ಲೂ ಸತ್ಯಾಂಶವಿದೆ ಎಂದು ಸಾಲಾಗಿ ಒಪ್ಪಿಸುವ ಪ್ರಬಂಧಗಳು ಪ್ರತಿ ವರ್ಷವೂ ನನ್ನ ಮೇಜಿಗೆ ಬರುತ್ತವೆ. ಅವುಗಳಲ್ಲಿ ತಪ್ಪು ಹುಡುಕುವುದು ಕಷ್ಟ, ಐವತ್ತೈದಕ್ಕಿಂತ ಹೆಚ್ಚು ಅಂಕ ಕೊಡುವುದು ಇನ್ನೂ ಕಷ್ಟ. ಇಲ್ಲಿ ಓದಬೇಕಾದದ್ದು ವಾದಗಳ ಪಟ್ಟಿಯನ್ನಲ್ಲ, ಅವುಗಳ ನಡುವಿನ ಜಗಳವನ್ನು. ಯಾರು ಯಾರಿಗೆ ಉತ್ತರ ಕೊಡುತ್ತಿದ್ದಾರೆ, ಎದುರಾಳಿಯ ಯಾವ ಮಾತನ್ನು ಒಪ್ಪಿಕೊಂಡು ಯಾವುದನ್ನು ಬಿಟ್ಟುಕೊಡುತ್ತಿಲ್ಲ ಎಂಬುದು ಕಾಣತೊಡಗಿದರೆ, ರಾಜ್ಯಶಾಸ್ತ್ರದ ಪದವಿ ಇಲ್ಲದಿರುವುದು ದೊಡ್ಡ ಅಡ್ಡಿಯಾಗುವುದಿಲ್ಲ.

ಅರಾಜಕತೆ ಎಂಬ ಒಂದೇ ಪರಿಕಲ್ಪನೆಯನ್ನು ಹಿಡಿದು ನೋಡಿ. ರಾಷ್ಟ್ರಗಳ ಮೇಲೆ ಅಧಿಕಾರ ನಡೆಸುವ ಸರ್ಕಾರವೊಂದಿಲ್ಲ ಎಂಬಷ್ಟೇ ಅದರ ಅರ್ಥ. ಗೊಂದಲ, ದೊಂಬಿ ಎಂದಲ್ಲ. ವಾಸ್ತವವಾದಿ ಕೆನೆತ್ ವಾಲ್ಟ್ಸ್ 1979ರಲ್ಲಿ ಇದನ್ನೇ ತಮ್ಮ ಸಿದ್ಧಾಂತದ ತಳಪಾಯವಾಗಿಸಿದರು: ಕಾಪಾಡುವವರು ಮೇಲೊಬ್ಬರಿಲ್ಲದ ಕಾರಣ ಪ್ರತಿ ರಾಷ್ಟ್ರವೂ ತನ್ನನ್ನು ತಾನೇ ಕಾಯ್ದುಕೊಳ್ಳಬೇಕು, ಹೀಗಾಗಿ ಆಳುವವರು ಒಳ್ಳೆಯವರಿರಲಿ ಕೆಟ್ಟವರಿರಲಿ ಒಬ್ಬರ ಬಲಕ್ಕೆ ಉಳಿದವರು ಎದುರು ಬಲ ಒಡ್ಡುವ ಸಮತೋಲನಗಳು ಮತ್ತೆ ಮತ್ತೆ ಏರ್ಪಡುತ್ತವೆ. ಅದಕ್ಕೂ ಎರಡು ವರ್ಷ ಮೊದಲೇ ಹೆಡ್ಲಿ ಬುಲ್, ಮೇಲೊಂದು ಸರ್ಕಾರ ಇಲ್ಲದಿದ್ದರೂ ರಾಷ್ಟ್ರಗಳು ಒಂದು ಬಗೆಯ ಸಮಾಜವಾಗಿ ಬದುಕಬಲ್ಲವು ಎಂದು ವಾದಿಸಿದ್ದರು. ರಾಜತಾಂತ್ರಿಕತೆ, ಅಂತರರಾಷ್ಟ್ರೀಯ ಕಾನೂನುಗಳ ಜೊತೆಗೆ ಯುದ್ಧವನ್ನೂ ಆ ಸಮಾಜದ ಸಂಸ್ಥೆಗಳಲ್ಲಿ, ಎಂದರೆ ರಾಷ್ಟ್ರಗಳು ಹಂಚಿಕೊಂಡ ರೂಢಿಗಳಲ್ಲಿ, ಒಂದೆಂದು ಅವರು ಎಣಿಸಿದ್ದು ಮೊದಲ ಓದಿಗೆ ವಿಚಿತ್ರವೆನಿಸುತ್ತದೆ. ಉದಾರವಾದದ ಕಡೆಯ ರಾಬರ್ಟ್ ಕಿಯೊಹೇನ್ 1984ರಲ್ಲಿ ಮಾಡಿದ್ದು ಜಾಣತನದ ಕೆಲಸ. ರಾಷ್ಟ್ರಗಳು ಸ್ವಾರ್ಥಿಗಳು, ಮೇಲೆ ಸರ್ಕಾರವಿಲ್ಲ ಎಂಬ ವಾಸ್ತವವಾದಿಗಳ ಮಾತುಗಳನ್ನು ಪೂರ್ತಿಯಾಗಿ ಒಪ್ಪಿಕೊಂಡೇ, ಸಂಸ್ಥೆಗಳು ಪರಸ್ಪರ ಮಾಹಿತಿಯನ್ನು ಒದಗಿಸಿ ವ್ಯವಹಾರದ ವೆಚ್ಚವನ್ನು, ಎಂದರೆ ಒಪ್ಪಂದಕ್ಕೆ ಬಂದು ಅದನ್ನು ಉಳಿಸಿಕೊಳ್ಳಲು ತಗಲುವ ಶ್ರಮವನ್ನು, ತಗ್ಗಿಸುವುದರಿಂದ ಸಹಕಾರ ಸಾಧ್ಯವೆಂದು ತೋರಿಸಲು ಅವರು ಹೊರಟರು. ರಚನಾವಾದಿ ಅಲೆಕ್ಸಾಂಡರ್ ವೆಂಟ್ 1992ರಲ್ಲಿ ತಳಪಾಯಕ್ಕೇ ಕೈಹಾಕಿ, ಅರಾಜಕತೆಯಿಂದ ತಾನಾಗಿ ಏನೂ ಹುಟ್ಟುವುದಿಲ್ಲ, ರಾಷ್ಟ್ರಗಳು ಒಂದನ್ನೊಂದು ಏನೆಂದು ಭಾವಿಸುತ್ತವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ ಎಂದರು. ಬ್ರಿಟನ್ನಿನ 500 ಅಣ್ವಸ್ತ್ರಗಳಿಗಿಂತ ಉತ್ತರ ಕೊರಿಯಾದ ಐದು ಅಣ್ವಸ್ತ್ರಗಳು ಅಮೆರಿಕಕ್ಕೆ ಹೆಚ್ಚು ಭಯ ಹುಟ್ಟಿಸುತ್ತವೆ ಎಂಬ ಅವರ ಉದಾಹರಣೆಯನ್ನು ಪ್ರತಿ ಸೆಮಿನಾರಿನಲ್ಲೂ ಯಾರಾದರೊಬ್ಬರು ಎತ್ತುತ್ತಾರೆ. ಅದಕ್ಕೆ ವಾಲ್ಟ್ಸ್ ಪರವಾಗಿ ಏನು ಉತ್ತರ ಕೊಡಬಹುದೆಂದು ಯೋಚಿಸುವವರು ವಿರಳ. ಆ ಯೋಚನೆಯೇ ಪ್ರಬಂಧವನ್ನು ಎತ್ತರಕ್ಕೆ ಒಯ್ಯುತ್ತದೆ.

ಸಾರ್ವಭೌಮತ್ವದಲ್ಲೂ, ಎಂದರೆ ರಾಷ್ಟ್ರವೊಂದು ತನ್ನ ನೆಲದಲ್ಲಿ ತಾನೇ ಪರಮಾಧಿಕಾರಿ ಎಂಬ ಪರಿಕಲ್ಪನೆಯಲ್ಲೂ, ಇಂಥದೇ ಎಚ್ಚರ ಬೇಕು. ಆಧುನಿಕ ರಾಷ್ಟ್ರವ್ಯವಸ್ಥೆ ಯುರೋಪಿನ ಮೂವತ್ತು ವರ್ಷಗಳ ಯುದ್ಧವನ್ನು ಮುಗಿಸಿದ 1648ರ ವೆಸ್ಟ್‌ಫೇಲಿಯಾ ಒಪ್ಪಂದಗಳಿಂದ ಹುಟ್ಟಿತು ಎಂಬ ವಾಕ್ಯದಿಂದ ಪ್ರಬಂಧವನ್ನು ಆರಂಭಿಸಬೇಡಿ. ಆ ಒಪ್ಪಂದಗಳ ಹೆಚ್ಚಿನ ಭಾಗ ಪವಿತ್ರ ರೋಮನ್ ಸಾಮ್ರಾಜ್ಯದ ಒಳವ್ಯವಹಾರಗಳಿಗೆ ಸೇರಿದ್ದೆಂದು ಆಂಡ್ರಿಯಾಸ್ ಓಸಿಯಾಂಡರ್ 2001ರಲ್ಲೇ ಬರೆದಿದ್ದಾರೆ, ಓದಿದ ಪರೀಕ್ಷಕರಿಗೆ ಅದು ಗೊತ್ತಿರುತ್ತದೆ. ಸ್ಟೀಫನ್ ಕ್ರಾಸ್ನರ್ ಸಾರ್ವಭೌಮತ್ವವನ್ನು ನಾಲ್ಕು ಬಗೆಯಾಗಿ ಬಿಡಿಸಿದ್ದು ಉಪಯುಕ್ತ, ಏಕೆಂದರೆ ತೈವಾನಿನಂತೆ ಆಡಳಿತದ ಹಿಡಿತವಿದ್ದು ವ್ಯಾಪಕ ಮಾನ್ಯತೆ ಇಲ್ಲದ ಸ್ಥಿತಿಯೂ, ತೊಂಬತ್ತರ ದಶಕದ ಸೊಮಾಲಿಯಾದಂತೆ ಮಾನ್ಯತೆಯಿದ್ದು ಹಿಡಿತವಿಲ್ಲದ ಸ್ಥಿತಿಯೂ ಆಗ ಬೇರೆಬೇರೆಯಾಗಿ ಕಾಣುತ್ತವೆ. ಭದ್ರತಾ ಸಂದಿಗ್ಧ (ಒಬ್ಬರ ರಕ್ಷಣಾ ಸಿದ್ಧತೆಯೇ ಇನ್ನೊಬ್ಬರಿಗೆ ಬೆದರಿಕೆಯಾಗುವುದು), ಮೃದು ಶಕ್ತಿ (ಬಲವಂತವಿಲ್ಲದೆ ಆಕರ್ಷಣೆಯಿಂದ ಒಲಿಸಿಕೊಳ್ಳುವುದು), ಪ್ರಜಾಪ್ರಭುತ್ವ ಶಾಂತಿ (ಪ್ರಜಾಪ್ರಭುತ್ವಗಳು ತಮ್ಮತಮ್ಮಲ್ಲಿ ಯುದ್ಧಕ್ಕಿಳಿಯುವುದು ವಿರಳ ಎಂಬ ವಾದ) ಮುಂತಾದವು ಓದುತ್ತ ಹೋದಂತೆ ತಾವಾಗಿ ದಕ್ಕುತ್ತವೆ. ಅವುಗಳ ವ್ಯಾಖ್ಯಾನಗಳನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ.

ಹೊರಗಿನಿಂದ ಬಂದವರಿಗೆ ಎದುರಾಗುವ ಇನ್ನೊಂದು ತೊಡಕನ್ನು ನೀವು ಕೇಳಿಲ್ಲವಾದರೂ ಹೇಳಬೇಕು. ಓದಿನ ಪಟ್ಟಿಯಲ್ಲಿ ಸಿದ್ಧಾಂತ ಕಟ್ಟುವವರು ಬಹುಪಾಲು ಅಮೆರಿಕ ಮತ್ತು ಯುರೋಪಿನವರು. ಉಳಿದ ಜಗತ್ತು ಉದಾಹರಣೆಯಾಗಿ ಮಾತ್ರ ಬರುತ್ತದೆ. ಈ ವಿಷಯ ವಿಶ್ವವಿದ್ಯಾಲಯದಲ್ಲಿ ಪೀಠ ಪಡೆದದ್ದು 1919ರಲ್ಲಿ, ವೇಲ್ಸ್‌ನ ಅಬೆರಿಸ್ಟ್‌ವಿತ್‌ನಲ್ಲಿ, ಮೊದಲ ಮಹಾಯುದ್ಧ ಮರುಕಳಿಸಬಾರದೆಂಬ ಆಶಯದಿಂದ. ಅದೇ ಪೀಠದಲ್ಲಿ ಮುಂದೆ ಕುಳಿತ ಇ.ಎಚ್. ಕಾರ್ 1939ರಲ್ಲಿ ಆ ಆಶಯವನ್ನೇ ಕಟುವಾಗಿ ವಿಮರ್ಶಿಸಿದರು. ಈ ವಿಷಯ ಹೆಚ್ಚಿನ ಮಟ್ಟಿಗೆ ಅಮೆರಿಕದ ಶಾಸ್ತ್ರವಾಗಿಬಿಟ್ಟಿದೆಯೆಂದು ಸ್ಟ್ಯಾನ್ಲಿ ಹಾಫ್‌ಮನ್ 1977ರಲ್ಲಿ ಹೇಳಿದ್ದರು. ಪಶ್ಚಿಮದ ಹೊರಗಿನ ಸಿದ್ಧಾಂತ ಏಕಿಲ್ಲವೆಂದು ಅಮಿತಾವ್ ಆಚಾರ್ಯ ಮತ್ತು ಬ್ಯಾರಿ ಬುಜಾನ್ 2007ರಲ್ಲಿ ಕೇಳಿದರು. ಹೀಗಾಗಿ ನಿಮ್ಮ ಅಸಮಾಧಾನ ಹೊಸದಲ್ಲ, ಅದಕ್ಕೊಂದು ಸಾಹಿತ್ಯವೇ ಇದೆ. ಅದನ್ನು ಆಧಾರವಾಗಿಟ್ಟುಕೊಂಡು ಮಾತನಾಡಿದರೆ ದೂರು ವಾದವಾಗುತ್ತದೆ. ಕೌಟಿಲ್ಯನನ್ನು ತರುವ ಆಸೆ ಭಾರತದಿಂದ ಬಂದ ಬಹುತೇಕ ಎಲ್ಲರಿಗೂ ಇರುತ್ತದೆ. ತನ್ನಿ, ಆದರೆ ವಾಸ್ತವವಾದ ನಮ್ಮಲ್ಲಿ ಮೊದಲೇ ಇತ್ತೆಂದು ಹೆಮ್ಮೆಪಡಲು ಬೇಡ. ಕೌಟಿಲ್ಯನ ಮಂಡಲ ಸಿದ್ಧಾಂತದಲ್ಲಿ ಗೆಲ್ಲಬಯಸುವ ಒಬ್ಬ ರಾಜ ನಡುವೆ ನಿಂತು ಸುತ್ತಲಿನವರನ್ನು ಶತ್ರು, ಮಿತ್ರರೆಂದು ಎಣಿಸುತ್ತಾನೆ. ವಾಲ್ಟ್ಸ್‌ಗೆ ಅಂಥ ನಡುವೆಂಬುದೇ ಇಲ್ಲ, ಅವರು ಇಡೀ ವ್ಯವಸ್ಥೆಯನ್ನು ಹೊರಗಿನಿಂದ ನೋಡುತ್ತಾರೆ. ಈ ವ್ಯತ್ಯಾಸದಿಂದ ಒಂದು ಒಳ್ಳೆಯ ಪ್ರಬಂಧ ಹುಟ್ಟಬಲ್ಲದು.

ಸೆಮಿನಾರಿನಲ್ಲಿ ಮೌನವಾಗಿರುವುದು ವಿನಯವೆಂದು ಯಾರೂ ತಿಳಿಯುವುದಿಲ್ಲ, ಓದಿ ಬಂದಿಲ್ಲವೆಂದು ತಿಳಿಯುತ್ತಾರೆ. ಪ್ರಾಧ್ಯಾಪಕರ ಮಾತನ್ನು ಅವರೆದುರೇ ಪ್ರಶ್ನಿಸಬಹುದು. ಅದರಿಂದ ಅಂಕ ಕಡಿಮೆಯಾಗದು. ಭಾರತದ ವಿಷಯ ಬಂದಾಗಲೆಲ್ಲ ಎಲ್ಲರ ಮುಖ ನಿಮ್ಮತ್ತ ತಿರುಗುತ್ತದೆ, ಆಗ ವಿದೇಶಾಂಗ ಸಚಿವಾಲಯದ ವಕ್ತಾರರಾಗುವ ಅಗತ್ಯ ನಿಮಗಿಲ್ಲ. ಕಾಶ್ಮೀರದ ಚರ್ಚೆಯಲ್ಲಿ ಪಾಕಿಸ್ತಾನದ ಸಹಪಾಠಿಯೂ ನೀವೂ ಒಂದೇ ಲೇಖನವನ್ನು ಬೇರೆಬೇರೆಯಾಗಿ ಓದಿ ಬಂದಿರುವುದನ್ನು ಕಂಡಾಗ ಆಗುವ ಕಲಿಕೆಯನ್ನು ಯಾವ ಪಠ್ಯವೂ ಕೊಡಲಾರದು. ನವೆಂಬರ್ ಹೊತ್ತಿಗೆ ಒಂಟಿತನ ಕಾಡುವುದು ಸಹಜ, ಏಕೆಂದರೆ ದಿನದ ಬಹುಭಾಗ ಒಬ್ಬರೇ ಓದುತ್ತಿರುತ್ತೀರಿ, ಹಗಲೂ ಚಿಕ್ಕದಾಗಿರುತ್ತದೆ. ಮೂರು ನಾಲ್ಕು ಜನ ಸೇರಿ ವಾರದ ಲೇಖನಗಳನ್ನು ಹಂಚಿಕೊಂಡು ಓದುವ ಗುಂಪು ಇದಕ್ಕೆ ನಾನು ಬಲ್ಲ ಒಳ್ಳೆಯ ಪರಿಹಾರ. ಇಲ್ಲಿ ಉಳಿಯುವ ಸ್ನೇಹಗಳೂ ಹೆಚ್ಚಾಗಿ ಅಲ್ಲಿಂದಲೇ ಬರುತ್ತವೆ.

ಹೊರಡುವ ಮುನ್ನ ದಪ್ಪ ಪಠ್ಯಪುಸ್ತಕಗಳನ್ನು ಕೊಳ್ಳಬೇಡಿ, ಗ್ರಂಥಾಲಯದಲ್ಲಿ ಎಲ್ಲವೂ ಸಿಗುತ್ತವೆ. ಪ್ರಾಚೀನ ಗ್ರೀಕ್ ಇತಿಹಾಸಕಾರ ಥುಸಿಡಿಡೀಸ್ ಬರೆದ, ಬಲಿಷ್ಠ ಅಥೆನ್ಸಿನವರು ಶರಣಾಗಿರೆಂದು ಪುಟ್ಟ ಮೀಲೋಸ್ ದ್ವೀಪದವರೊಡನೆ ನಡೆಸುವ ಸಂವಾದವನ್ನು ಓದಿ, ಕೆಲವೇ ಪುಟಗಳಷ್ಟಿದೆ. ಅದನ್ನು ವಾಸ್ತವವಾದದ ಮೂಲವೆಂದು ಎಲ್ಲರೂ ಉಲ್ಲೇಖಿಸುತ್ತಾರೆ, ಆದರೆ ಅದೇ ಗ್ರಂಥದಲ್ಲಿ ಅದರ ಬೆನ್ನಿಗೇ ಅಥೆನ್ಸಿನ ಸಿಸಿಲಿ ದಂಡಯಾತ್ರೆಯೂ ಅದರ ವಿನಾಶವೂ ಬರುತ್ತವೆ ಎಂಬುದನ್ನು ಗಮನಿಸುವವರು ಕಡಿಮೆ. ಆಮೇಲೆ ವೆಂಟ್ ಅವರ 1992ರ ಲೇಖನವನ್ನು ಒಮ್ಮೆ ಓದಿ. ಅರ್ಥವಾಗದ ಜಾಗಗಳನ್ನು ಗುರುತು ಹಾಕಿಕೊಂಡು ಬನ್ನಿ, ಮೊದಲ ಸೆಮಿನಾರುಗಳಲ್ಲಿ ಕೇಳಲು ಅವೇ ಸಾಕಾಗುತ್ತವೆ. ಡಿಸರ್ಟೇಶನ್ನಿನ ಮಾರ್ಗದರ್ಶಕರನ್ನು ಡಿಸೆಂಬರ್ ಒಳಗೆ ಮಾತನಾಡಿಸಿ, ಏಕೆಂದರೆ ಬೇಡಿಕೆಯಿರುವ ಪ್ರಾಧ್ಯಾಪಕರ ಬಳಿ ವಸಂತಕ್ಕೆ ಮುನ್ನವೇ ಜಾಗ ತುಂಬಿರುತ್ತದೆ.