ಹೊಲದ ಇಲಿ ಲ್ಯಾಬಿಗೆ ಯಾಕೆ ಆಗಲ್ಲ?

ಶಿರಾ ಕಡೆ ರಾಗಿ, ಕಡಲೆಕಾಯಿ ಹೊಲದಲ್ಲಿ ಇಷ್ಟೊಂದು ಇಲಿ ಇರುವಾಗ ಲ್ಯಾಬಿನವರು ಬೇರೆ ಇಲಿ ಯಾಕೆ ಸಾಕುತ್ತಾರೆ ಅಂತ ಕೇಳಿದ್ದೀರಿ. ಹೊಲದವು ಬಹುಪಾಲು ಬೇರೆ ಜಾತಿಯವು, ಒಂದೊಂದರ ಜೀನೂ ಬೇರೆ. ಅಂಥವಕ್ಕೆ ಔಷಧ ಕೊಟ್ಟು ನೋಡಿದರೆ, ಕಂಡ ಬದಲಾವಣೆ ಔಷಧದಿಂದ ಆಯಿತೋ ಹುಟ್ಟಿನಿಂದಲೇ ಇತ್ತೋ ಹೇಳುವುದು ಕಷ್ಟ ಅಲ್ವಾ? ಅದಕ್ಕೆ ಒಡಹುಟ್ಟಿದ ಇಲಿಗಳನ್ನೇ ಕನಿಷ್ಠ 20 ತಲೆಮಾರು ಕೂಡಿಸಿ, ಹೆಚ್ಚುಕಡಿಮೆ ಅವಳಿಗಳಂತಿರುವ ತಳಿ ಮಾಡುತ್ತಾರೆ. ಜಪಾನಿನಲ್ಲಿ 1960ರ ದಶಕದಲ್ಲಿ ಬೆಳೆಸಿದ ಒಂದು ತಳಿಗೆ ಬೆಳೆಯುತ್ತಾ ತಾನಾಗಿಯೇ ಬಿಪಿ ಏರುತ್ತದೆ, ಬಿಪಿ ಮಾತ್ರೆಗಳ ಪರೀಕ್ಷೆಗೆ ಇವತ್ತಿಗೂ ಅದನ್ನು ಬಳಸುತ್ತಾರೆ. ಬ್ರೌನ್ ನಾರ್ವೇ ಅನ್ನೋ ಲ್ಯಾಬ್ ಇಲಿ ತಳಿಯ ಜೀನೋಮ್ (ಪೂರ್ತಿ ಡಿಎನ್‌ಎ) ಕರಡು 2004ರಲ್ಲೇ ಬಂತು. ಮನುಷ್ಯರ ಕಾಯಿಲೆಗೆ ಸಂಬಂಧಿಸಿದ ಬಹುತೇಕ ಜೀನ್‌ಗಳಿಗೆ ಇಲಿಯಲ್ಲೂ ಅಂಥದ್ದೇ ಜೀನ್ ಇದೆ. ಲ್ಯಾಬಿನಲ್ಲೇ ಬಳಸುವ ಸುಂಡಿಲಿಗಿಂತ ಈ ಇಲಿಯ ಮೈ ದೊಡ್ಡದು, ರಕ್ತ ಜಾಸ್ತಿ ಸಿಗುತ್ತದೆ, ಆಪರೇಷನ್ನೂ ಸುಲಭ. ಹೊಲದ ಇಲಿಯನ್ನು ಸುಮ್ನೆ ಬರಿಗೈಲಿ ಹಿಡಿಯಬೇಡಿ, ಇಲಿಜ್ವರ ಬರಬಹುದು.