ನಿಂತ ಗಾಡಿಯ ಬ್ಯಾಟರಿ ಮತ್ತು ಬಿಳಿ ಪುಡಿ

ಪ್ರಶ್ನೆ: ನಾವು ಅಮೆರಿಕದ ಮಿನಿಸೋಟದಲ್ಲಿದ್ದೇವೆ. ಒಳಗೇ ಮಲಗಿ, ಅಡುಗೆ ಮಾಡಿಕೊಂಡು ತಿರುಗಬಹುದಾದ ಹಳೆಯ ಆರ್‌ವಿಯೊಂದನ್ನು ಕೊಂಡಿದ್ದೇವೆ. ಅದರ ದೀಪ, ಪಂಪುಗಳಿಗೆ 6 ವೋಲ್ಟಿನ ಎರಡು ಲೆಡ್-ಆಸಿಡ್ ಬ್ಯಾಟರಿಗಳಿವೆ. ಟರ್ಮಿನಲ್ ಮೇಲೆ ಎಷ್ಟು ಒರೆಸಿದರೂ ಬಿಳಿ, ಹಸಿರು ಪುಡಿ ಕಟ್ಟುತ್ತದೆ. ನವೆಂಬರಿನಿಂದ ಏಪ್ರಿಲ್‌ವರೆಗೆ ಗಾಡಿ ಅಂಗಳದಲ್ಲೇ ನಿಲ್ಲುವುದರಿಂದ ಬ್ಯಾಟರಿಗಳನ್ನು ಹೇಗೆ ಕಾಪಾಡಬೇಕು?

ಉತ್ತರ: ಪುಡಿಯನ್ನು ಒರೆಸುವ ಮೊದಲು ಅದು ಎಲ್ಲಿಂದ ಬರುತ್ತಿದೆ ಎಂದು ನೋಡಬೇಕು. ಚಾರ್ಜಿನ ಕೊನೆಯ ಹಂತದಲ್ಲಿ ನೀರು ಒಡೆದು ಹೈಡ್ರೋಜನ್ ಮತ್ತು ಆಮ್ಲಜನಕ ಹೊರಬರುವಾಗ ಜೊತೆಯಲ್ಲಿ ಆಸಿಡ್ಡಿನ ಸೂಕ್ಷ್ಮ ಹನಿಗಳೂ ಬರುತ್ತವೆ. ಅವು ಸೀಸದ ಮೇಲೆ ಬಿಳಿಯ, ತಾಮ್ರದ ಮೇಲೆ ನೀಲಿ-ಹಸಿರು ಲವಣವಾಗಿ ನಿಲ್ಲುತ್ತವೆ. ಪುಡಿ ಪದೇಪದೇ ಕಟ್ಟುತ್ತಿದ್ದರೆ ಚಾರ್ಜರ್ ಅತಿಯಾಗಿ ಚಾರ್ಜ್ ಮಾಡುತ್ತಿರಬಹುದು, ಇಲ್ಲವೇ ನೀರು ಮಿತಿಮೀರಿ ತುಂಬಿರಬಹುದು. ಊರಿನ ಮನೆಗಳಲ್ಲಿ ಇನ್ವರ್ಟರ್ ಬ್ಯಾಟರಿಗೆ ಕಂಠಮಟ್ಟ ನೀರು ಹಾಕುವ ತಪ್ಪನ್ನೇ ಇಲ್ಲಿಯೂ ಮಾಡುವವರಿದ್ದಾರೆ. ಪ್ಲೇಟುಗಳು ಮುಳುಗುವಷ್ಟು ನೀರಿದ್ದರೆ ಮೊದಲು ಪೂರ್ತಿ ಚಾರ್ಜ್ ಮಾಡಿ, ಅನಂತರವೇ ಡಿಸ್ಟಿಲ್ಡ್ ವಾಟರನ್ನು ನೀರು ಹಾಕುವ ರಂಧ್ರದ ಕೊಳವೆಯ ಕೆಳ ಅಂಚಿಗಿಂತ ಸುಮಾರು 3 ಮಿ.ಮೀ. ಕೆಳಗಿರುವಂತೆ ತುಂಬಿ. ಆಸಿಡ್ಡನ್ನು ಎಂದೂ ಸೇರಿಸಬೇಡಿ.

ಶುಚಿ ಮಾಡುವಾಗ ಕನ್ನಡಕ, ಕೈಗವಸು ಹಾಕಿಕೊಂಡು, ಬೆಂಕಿಯ ಕಿಡಿಯೂ ಹತ್ತಿರವಿಲ್ಲದಂತೆ ನೋಡಿಕೊಂಡು, ಮೊದಲು ನೆಗೆಟಿವ್ ತಂತಿಯನ್ನು ಬಿಚ್ಚಿ. ಮರಳಿ ಜೋಡಿಸುವಾಗ ಅದನ್ನೇ ಕೊನೆಗೆ ಹಾಕಿ. ಮುಚ್ಚಳಗಳನ್ನು ಬಿಗಿಮಾಡಿ, ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ. ಒಂದು ಹನಿ ಸೋಡಾ ನೀರೂ ಸೆಲ್ಲಿನೊಳಗೆ, ಅಂದರೆ ಬ್ಯಾಟರಿಯಲ್ಲಿ ಆಸಿಡ್ ಇರುವ ಕೋಣೆಯೊಳಗೆ, ಹೋಗಬಾರದು, ಹೋದರೆ ಅಲ್ಲಿನ ಆಸಿಡ್ಡೇ ನಿಷ್ಕ್ರಿಯವಾಗುತ್ತದೆ. ಒಣಗಿಸಿ, ಲೋಹಕ್ಕೆ ಲೋಹ ತಾಗುವಂತೆ ಬಿಗಿಮಾಡಿದ ಮೇಲೆ ಹೊರಗಿನಿಂದ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ.

ಮಿನಿಸೋಟದ ಚಳಿ ಇದಕ್ಕಿಂತ ದೊಡ್ಡ ಸಂಗತಿ. ಪೂರ್ತಿ ಚಾರ್ಜಾದ ಬ್ಯಾಟರಿಯ ಆಸಿಡ್ ಸುಮಾರು ಮೈನಸ್ 50 ಡಿಗ್ರಿ ಸೆಲ್ಸಿಯಸ್ಸಿನಲ್ಲೂ ಹೆಪ್ಪುಗಟ್ಟುವುದಿಲ್ಲ. ಖಾಲಿಯಾದದ್ದರಲ್ಲಿ ಬಹುಪಾಲು ನೀರೇ ಉಳಿದಿರುವುದರಿಂದ ಮೈನಸ್ 10ರ ಆಸುಪಾಸಿನಲ್ಲೇ ಹೆಪ್ಪುಗಟ್ಟಿ ಪೆಟ್ಟಿಗೆ ಬಿರಿಯುತ್ತದೆ. ಗಾಡಿ ನಿಂತಿದ್ದರೂ ಗ್ಯಾಸ್ ಸೋರಿಕೆಯ ಸೂಚಕದಂಥ ಸಣ್ಣ ಉಪಕರಣಗಳು ಹಗಲಿರುಳು ವಿದ್ಯುತ್ತನ್ನು ಹೀರುತ್ತಲೇ ಇರುತ್ತವೆ. ಆದ್ದರಿಂದ ಗಾಡಿಯನ್ನು ನಿಲ್ಲಿಸುವ ದಿನ ಪೂರ್ತಿ ಚಾರ್ಜ್ ಮಾಡಿ, ನೆಗೆಟಿವ್ ತಂತಿಯನ್ನು ಬಿಚ್ಚಿಡಿ. ತಿಂಗಳಿಗೊಮ್ಮೆ ವೋಲ್ಟ್‌ಮೀಟರಿನಿಂದ ಅಳೆದಾಗ ಎರಡೂ ಸೇರಿ 12.6ರ ಆಸುಪಾಸಿನಲ್ಲಿರಬೇಕು, 12.4ಕ್ಕೆ ಇಳಿದರೆ ಮತ್ತೆ ಚಾರ್ಜ್ ಮಾಡಿ. ಅರೆಚಾರ್ಜಿನಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಪ್ಲೇಟುಗಳ ಮೇಲಿನ ಸೀಸದ ಸಲ್ಫೇಟ್ ಗಟ್ಟಿ ಹರಳಾಗುತ್ತದೆ. ಹೊರಗಿನ ಪುಡಿಯನ್ನು ತೊಳೆಯಬಹುದು, ಒಳಗಿನ ಈ ಹರಳನ್ನು ತೊಳೆಯಲಾಗದು.

ಏಪ್ರಿಲಿನಲ್ಲಿ ಚಾರ್ಜ್ ಮಾಡಿದ ಬಳಿಕ ಆಸಿಡ್ಡಿನ ಸಾಪೇಕ್ಷ ಸಾಂದ್ರತೆಯನ್ನು (ನೀರಿಗೆ ಹೋಲಿಸಿದರೆ ಅದು ಎಷ್ಟು ಭಾರ ಎಂಬುದನ್ನು) ಅಳೆಯುವ ಹೈಡ್ರೋಮೀಟರಿನಿಂದ ಪ್ರತಿ ಸೆಲ್ಲನ್ನೂ ನೋಡಿ. ಒಂದೇ ಸೆಲ್ ಉಳಿದವಕ್ಕಿಂತ 0.050ರಷ್ಟು ಕೆಳಗಿದ್ದರೆ ಆ ಬ್ಯಾಟರಿಯ ಆಯುಸ್ಸು ಮುಗಿಯುತ್ತ ಬಂದಿದೆ. ಸರಣಿಯಲ್ಲಿ ಜೋಡಿಸಿರುವುದರಿಂದ ಎರಡನ್ನೂ ಒಟ್ಟಿಗೇ ಬದಲಿಸಿ.