ಒಂದೂವರೆ ಎಕರೆ ಗುಡ್ಡ, ಒಬ್ಬನೇ ಆಳು

ಪ್ರಶ್ನೆ: ಸರ್, ನನಗೆ 38 ವರ್ಷ. ಮಂಗಳೂರಿನಲ್ಲಿದ್ದ ಕೆಲಸ ಹೋಯಿತು, ಹೆಂಡತಿ ಮಗಳನ್ನು ಕರೆದುಕೊಂಡು ಊರಿಗೆ ಬಂದಿದ್ದೇನೆ. ಅಪ್ಪನ ಕಾಲದ ಒಂದೂವರೆ ಎಕರೆ ಗುಡ್ಡ ಇದೆ. ಬರೀ ಮುರಕಲ್ಲು (ಜಂಬಿಟ್ಟಿಗೆ ಕಲ್ಲು), ಮುಳಿಹುಲ್ಲು, ಕಮ್ಯುನಿಸ್ಟ್ ಗಿಡ ಅನ್ನುವ ಕಳೆ. ಬೋರ್‌ವೆಲ್ ತೋಡಿಸಿದೆವು, ನೀರು ಸಿಗಲಿಲ್ಲ. ಹಗಲು ಬೇರೆಯವರ ತೋಟಕ್ಕೆ ಹೋಗುತ್ತೇನೆ. ನನಗೆ ಅಂತ ಸಿಗುವುದು ಸಂಜೆ ಒಂದು ಗಂಟೆ. ಗುಡ್ಡ ನೋಡಿದರೆ ಕೈಕಾಲೇ ಆಡುವುದಿಲ್ಲ. ದಿನಾ ಸ್ವಲ್ಪ ಸ್ವಲ್ಪ ಮಾಡು ಅಂತ ಎಲ್ಲರೂ ಹೇಳುತ್ತಾರೆ. ಒಂದು ಗಂಟೆಯಲ್ಲಿ ಏನಾಗುತ್ತದೆ?
(ಹೆಸರು ಬೇಡ, ವಿಟ್ಲ)

ಉತ್ತರ: ನಿಮಗೆ ಉತ್ತರ ಪಕ್ಕದಲ್ಲೇ ಇದೆ. ವಿಟ್ಲದಿಂದ ಅಡ್ಯನಡ್ಕ ಎಷ್ಟು ದೂರ? ಅಲ್ಲಿ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರ ಹೆಸರು ನೀವು ಕೇಳಿಯೇ ಇರುತ್ತೀರಿ, 2022ರಲ್ಲಿ ಪದ್ಮಶ್ರೀ ಬಂತಲ್ಲ, ಅವರು. ಅಡಿಕೆ, ತೆಂಗಿನ ಮರ ಹತ್ತುವ ಕೂಲಿ ಕೆಲಸ ಅವರದು. 1978ರಲ್ಲಿ ಧಣಿಗಳು ಎರಡು ಎಕರೆಯಷ್ಟು ಬೋಳು ಗುಡ್ಡ ಕೊಟ್ಟರು. ನೀರಿಲ್ಲ. ಬಾವಿ ತೋಡಿಸಲು ದುಡ್ಡಿಲ್ಲ. ನಮ್ಮ ಕಡೆ ಹಿಂದಿನಿಂದ ಬಂದ ದಾರಿ ಒಂದಿತ್ತಲ್ಲ, ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದು ಒಸರುವ ನೀರನ್ನು ಹೊರಗೆ ಹರಿಸುವುದು, ಅದನ್ನು ಹಿಡಿದರು. ಕೂಲಿ ಮುಗಿಸಿ ಬಂದು ರಾತ್ರಿ ದೀಪದ ಬೆಳಕಿನಲ್ಲಿ ಒಬ್ಬರೇ ಕೊರೆದರು. ಮೊದಲನೆಯದರಲ್ಲಿ ನೀರಿಲ್ಲ, ಎರಡನೆಯದರಲ್ಲೂ ಇಲ್ಲ, ಹೀಗೆ ಐದು ಸುರಂಗ ಒಣಗಿದ್ದೇ. ಊರಿನವರು ಏನೆಂದಿರಬಹುದು ಯೋಚಿಸಿ. ಆರನೆಯದರಲ್ಲಿ ನೀರು ಬಂತು. ಆಮೇಲೆ ಕಲ್ಲು ಹೊತ್ತು, ಕಟ್ಟ ಕಟ್ಟಿ, ಇಳಿಜಾರನ್ನು ತಟ್ಟು ತಟ್ಟಾಗಿ ಮಾಡಿ ಅಡಿಕೆ, ತೆಂಗು, ಬಾಳೆ, ಗೇರು, ಕರಿಮೆಣಸು ಎಲ್ಲ ಬೆಳೆದರು. ನೀರು ಮೇಲಿನಿಂದ ತಾನಾಗಿ ಇಳಿದು ಬರುವುದರಿಂದ ಪಂಪಿನ ಹಂಗೂ ಇಲ್ಲ.

ಅವರಷ್ಟು ಕಷ್ಟಪಡಿ ಅಂತ ನಾನು ಹೇಳುತ್ತಿಲ್ಲ. ನೀವೂ ಸುರಂಗ ಕೊರೆಯಲು ಹೊರಡಬೇಡಿ, ಒಳಗೆ ಗಾಳಿ ಸಾಲದೆ ಹೋಗುತ್ತದೆ, ಮಣ್ಣು ಕುಸಿಯುತ್ತದೆ, ಅದು ಪಳಗಿದವರ ಕೆಲಸ. ನಾನು ಹೇಳುವುದು ಬೇರೆ. ಅವರು ನಿನ್ನೆ ಕೊರೆದದ್ದು ಇವತ್ತು ಹೋದಾಗ ಹಾಗೇ ಇರುತ್ತಿತ್ತು. ಇಟ್ಟ ಕಲ್ಲು ಇಟ್ಟಲ್ಲೇ ಇರುತ್ತಿತ್ತು. ದಿನಾ ಸ್ವಲ್ಪ ಮಾಡುವುದು ಕೂಡಿಬರುವುದು ಇಂಥ ಕೆಲಸದಲ್ಲಿ ಮಾತ್ರ. ನೀವು ಈಗ ಸಂಜೆ ಏನು ಮಾಡುತ್ತಿದ್ದೀರಿ ಅಂತ ಬರೆದಿಲ್ಲ, ಆದರೆ ಹೆಚ್ಚಿನವರು ಮಾಡುವ ಹಾಗೆ ಇಡೀ ಗುಡ್ಡದ ಕಾಡು ಸವರಲು ಶುರುಮಾಡಿದ್ದರೆ ದಯವಿಟ್ಟು ನಿಲ್ಲಿಸಿ. ಈ ತುದಿಯಿಂದ ಆ ತುದಿ ಮುಟ್ಟುವಷ್ಟರಲ್ಲಿ ಈ ತುದಿಯಲ್ಲಿ ಮತ್ತೆ ಸೊಂಟದೆತ್ತರ ಬೆಳೆದಿರುತ್ತದೆ. ಎದೆಗುಂದುವುದು ಅಲ್ಲೇ.

ಒಂದು ಗಂಟೆಯಲ್ಲಿ ಏನಾಗುತ್ತದೆ, ಲೆಕ್ಕ ಹಾಕೋಣ. ಒಂದು ಮೀಟರ್ ಉದ್ದ, ಅರ್ಧ ಮೀಟರ್ ಅಗಲ, ಅರ್ಧ ಮೀಟರ್ ಆಳದ ಇಂಗುಗುಂಡಿ ಒಮ್ಮೆ ತುಂಬಿದರೆ 250 ಲೀಟರ್ ನೀರು. ಗಟ್ಟಿ ನೆಲದಲ್ಲಿ ಒಂದಕ್ಕೆ ಎರಡು ಮೂರು ಸಂಜೆ ಬೇಕಾಗಬಹುದು, ಬೇಸಿಗೆ ಮಳೆ ಒಂದೆರಡು ಬಿದ್ದ ಮೇಲೆ ಹಾರೆ ಸಲೀಸಾಗಿ ಇಳಿಯುತ್ತದೆ. ನಮ್ಮ ಜಿಲ್ಲೆಯಲ್ಲಿ ಮಳೆಗೇನೂ ಬರವಿಲ್ಲ, ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರ್ ಸುರಿಯುತ್ತದೆ, ಬೋಳು ಗುಡ್ಡದಲ್ಲಿ ಅದು ಇಳಿದು ತೋಡು ಸೇರುತ್ತದೆ ಅಷ್ಟೇ. ನೀವು ತೋಡಿದ ಗುಂಡಿ ಒಂದೇ ಮಳೆಗಾಲದಲ್ಲಿ ಎಷ್ಟೋ ಸಲ ತುಂಬಿ ಇಂಗುತ್ತದೆ, ನೀವು ಮಲಗಿದ್ದಾಗಲೂ. ಒಂದು ಎಚ್ಚರ: ಮನೆ ಹಿಂದೆ ಕಡಿದ ಬರೆ (ನೆಟ್ಟಗೆ ನಿಂತ ಮಣ್ಣಿನ ಗೋಡೆ) ಇದ್ದರೆ ಅದರ ಮೇಲ್ಭಾಗದಲ್ಲಿ ಮಾತ್ರ ತೋಡಬೇಡಿ, ನೀರು ಕುಡಿದು ಬರೆ ಜರಿಯುತ್ತದೆ.

ಗಿಡ ಅಂತ ಬಂದಾಗ ಅಡಿಕೆಯ ಆಸೆ ಸದ್ಯಕ್ಕೆ ಬದಿಗಿಡಿ. ಕಸಿ ಗೇರು ನೆಡಿ. ಮುರಕಲ್ಲಿನ ಇಳಿಜಾರು ಅದಕ್ಕೆ ಒಗ್ಗುತ್ತದೆ, ಮೂರನೇ ವರ್ಷಕ್ಕೆ ಫಸಲು ಕಾಣಲು ಶುರು. ಪುತ್ತೂರಿನಲ್ಲೇ ಗೇರು ಸಂಶೋಧನಾ ಕೇಂದ್ರ ಇದೆ, ಭಾನುವಾರ ಬಿಟ್ಟು ಒಂದು ಕೆಲಸದ ದಿನ ಹೋಗಿ ಕೇಳಿ. ಏಳೂವರೆ ಮೀಟರ್ ಅಂತರದಲ್ಲಿ ನೆಟ್ಟರೆ ಎಕರೆಗೆ 70 ಗಿಡ ಹಿಡಿಯುತ್ತದೆ, ನೀವು ಈ ಮಳೆಗಾಲಕ್ಕೆ 20 ನೆಟ್ಟರೆ ಸಾಕು. ಗಿಡದ ಮೇಲ್ಬದಿಗೆ ಗುಂಡಿ, ಬುಡಕ್ಕೆ ತರಗೆಲೆ. ಕಾಡು ಸವರುವುದು ಆ 20 ಬುಡದ ಸುತ್ತ ಮಾತ್ರ. ಉಳಿದ ಗುಡ್ಡ ಹಾಗೇ ಇರಲಿ, ಅದರ ಸೊಪ್ಪೇ ನಿಮಗೆ ಗೊಬ್ಬರ. ಮೈ ಸೋತ ದಿನ ಬುಡಕ್ಕೆ ಒಂದು ಹೊರೆ ತರಗೆಲೆ ಹಾಕಿ ಮನೆಗೆ ಹೋಗಿ, ಮಗಳ ಜೊತೆ ಕೂತುಕೊಳ್ಳಿ.

ಪ್ರಶ್ನೆ: ಗಂಡನ ಆಸ್ಪತ್ರೆ ಖರ್ಚಿಗೆ ಎರಡು ಲಕ್ಷ ಕೈಸಾಲ ಮಾಡಿದ್ದೇನೆ, ಮೂರು ರೂಪಾಯಿ ಬಡ್ಡಿ. ಒಂದು ತಿಂಗಳೂ ತಪ್ಪದೆ ಐದು ಸಾವಿರ ಕಟ್ಟುತ್ತಿದ್ದೇನೆ. ಇನ್ನೂ ಮುಗಿಯುತ್ತಲೇ ಇಲ್ಲ. ಎಷ್ಟು ದಿನ ತಾಳ್ಮೆ ಬೇಕು?
(ಓದುಗರು, ಚನ್ನರಾಯಪಟ್ಟಣ)

ಉತ್ತರ: ಅಮ್ಮಾ, ನಿಮ್ಮ ತಾಳ್ಮೆಯಲ್ಲಿ ಏನೂ ಕೊರತೆ ಇಲ್ಲ. ನೂರಕ್ಕೆ ತಿಂಗಳಿಗೆ ಮೂರು ಅಂದರೆ ಎರಡು ಲಕ್ಷಕ್ಕೆ ಬಡ್ಡಿಯೇ ಆರು ಸಾವಿರ. ನೀವು ಕಟ್ಟುವ ಐದು ಸಾವಿರ ಬಡ್ಡಿಗೂ ಸಾಲುವುದಿಲ್ಲ. ಹೀಗೇ ಕಟ್ಟಿದರೆ ಇದು ಎಂದಿಗೂ ತೀರುವುದಿಲ್ಲ. ಮೊದಲು ಸಾಲವನ್ನು ಕಡಿಮೆ ಬಡ್ಡಿಗೆ ಬದಲಾಯಿಸಿಕೊಳ್ಳಿ, ಒಡವೆ ಇದ್ದರೆ ಬ್ಯಾಂಕಿನಲ್ಲಿ ಚಿನ್ನದ ಸಾಲ, ಇಲ್ಲದಿದ್ದರೆ ನಿಮ್ಮ ಸ್ತ್ರೀಶಕ್ತಿ ಸಂಘ ಅಥವಾ ಊರಿನ ಸಹಕಾರ ಸಂಘದಲ್ಲಿ ಕೇಳಿ. ವರ್ಷಕ್ಕೆ ಶೇ. 12ರಂತೆ ಸಿಕ್ಕರೂ ಮೊದಲ ತಿಂಗಳ ಬಡ್ಡಿ ಎರಡೇ ಸಾವಿರ, ಉಳಿದ ಮೂರು ಸಾವಿರ ಅಸಲಿಗೆ ಹೋಗುತ್ತದೆ. ಅದೇ ಐದು ಸಾವಿರ ಕಟ್ಟುತ್ತಾ ಹೋದರೆ ಸುಮಾರು ನಾಲ್ಕೂಕಾಲು ವರ್ಷದಲ್ಲಿ ಪೂರ್ತಿ ತೀರುತ್ತದೆ. ಒಮ್ಮೆಗೇ ಎರಡು ಲಕ್ಷ ಸಿಗದಿದ್ದರೆ ಒಂದು ಲಕ್ಷವನ್ನಾದರೂ ಈಗ ಬದಲಾಯಿಸಿ.

ಸಾಲ ಕೊಟ್ಟವರು ಹೆದರಿಸಿದರೆ ಸುಮ್ನೆ ಇರಬೇಡಿ. ವಿಪರೀತ ಬಡ್ಡಿ ತಡೆಯಲು ನಮ್ಮ ರಾಜ್ಯದಲ್ಲಿ 2004ರ ಕಾಯ್ದೆಯೇ ಇದೆ, ಸಹಕಾರ ಇಲಾಖೆಯ ಸಹಾಯಕ ನಿಬಂಧಕರ ಕಚೇರಿಯಲ್ಲಿ ದೂರು ಕೊಡಬಹುದು. ಇಲ್ಲಿಯವರೆಗೆ ಕಟ್ಟಿದ್ದನ್ನೆಲ್ಲ ತಾರೀಖು ಸಮೇತ ಒಂದು ಪುಸ್ತಕದಲ್ಲಿ ಬರೆದಿಡಿ, ಇನ್ನು ಮುಂದೆ ಕೊಡುವಾಗ ಅವರ ಕೈಯಲ್ಲಿ ಸಹಿ ಹಾಕಿಸಿಕೊಳ್ಳಿ. ಅಸಲು ತೀರಿದ ದಿನ ಪ್ರಾಮಿಸರಿ ನೋಟು, ಖಾಲಿ ಚೆಕ್ಕು ಏನಾದರೂ ಕೊಟ್ಟಿದ್ದರೆ ವಾಪಸು ಕೇಳಿ ಪಡೆಯಿರಿ.